ಫೋನ್ ದುಭಾಷಿ ಸೇವೆ: 1ನೇ ತಾರೀಖಿನಿಂದ ಹೊಸ ಕ್ರಮ

ಮಾನ್ಯ ಗ್ರಾಹಕರೇ,

ವೈದ್ಯರು-ರೋಗಿಗಳಂಥವರ ನಡುವಿನ ಮಾತನ್ನು ಫೋನಿನಲ್ಲೇ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವ ನಮ್ಮ ದುಭಾಷಿಗಳು ಮುಂದಿನ ತಿಂಗಳ 1ರಿಂದ ಕರೆ ಸಿಕ್ಕಿದ ಕೂಡಲೇ ಅನುವಾದ ಶುರುಮಾಡುವುದಿಲ್ಲ. ಕೋಣೆಯಲ್ಲಿ ಯಾರ್ಯಾರಿದ್ದಾರೆ, ಮಾತು ಯಾವುದರ ಬಗ್ಗೆ, ಫೋನ್ ಎಲ್ಲಿಟ್ಟಿದ್ದೀರಿ, ನಿಮ್ಮೆದುರು ಕಾಗದಪತ್ರ ಏನಾದರೂ ಇದೆಯೇ ಎಂದು ಮೊದಲು ಕೇಳಿಕೊಳ್ಳುತ್ತಾರೆ. ಇದಕ್ಕೆ ಹಿಡಿಯುವ ಒಂದು ನಿಮಿಷಕ್ಕೆ ಶುಲ್ಕವಿಲ್ಲ.

ಎದುರಿಗೆ ಕೂತ ದುಭಾಷಿಗೆ ಯಾರು ಮಾತು ಮುಗಿಸಿದರು, ಯಾರು ಬಾಯಿ ತೆರೆಯಲಿದ್ದಾರೆ ಎಂಬುದು ಮುಖ ನೋಡಿದರೇ ತಿಳಿಯುತ್ತದೆ. ಫೋನಿನಲ್ಲಿ ಬರೀ ಮೌನ. ಆ ಹೊತ್ತಿನಲ್ಲಿ ರೋಗಿ ತಲೆಯಾಡಿಸುತ್ತಿದ್ದಾರೋ, ಅಳುತ್ತಿದ್ದಾರೋ, ಕೊಟ್ಟ ಕಾಗದ ಓದುತ್ತಿದ್ದಾರೋ ಗೊತ್ತಾಗುವುದಿಲ್ಲ. ಹಾಗಾಗಿ ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದುಕೊಳ್ಳದೆ, ‘ಹೌದು’ ಅಥವಾ ‘ಇಲ್ಲ’ ಎಂದು ಬಾಯಿಬಿಟ್ಟು ಹೇಳಿಸಿ.

‘ನೋವು ಇಲ್ಲಿಂದ ಇಲ್ಲಿಯವರೆಗೆ’ ಎಂದು ರೋಗಿ ತೋರಿಸಿದ್ದು ವೈದ್ಯರಿಗೆ ಕಾಣುತ್ತದೆ, ದುಭಾಷಿಗೆ ಕಾಣುವುದಿಲ್ಲ. ಮುಂದಿನ ಮಾತಿನಲ್ಲಿ ‘ಅದು’ ಎಂದಾಗ ಬೆನ್ನೋ ಹೊಟ್ಟೆಯೋ ಎಂದು ಊಹಿಸಬೇಕಾಗುತ್ತದೆ. ನಾಮಪದಗಳಿಗೆಲ್ಲ ಗಂಡು-ಹೆಣ್ಣೆಂಬ ಲಿಂಗಭೇದವಿರುವ ಭಾಷೆಗಳಲ್ಲಂತೂ ಅಂಗದ ಹೆಸರು ತಿಳಿಯದೆ ಎಷ್ಟೋ ಸಲ ವಾಕ್ಯವನ್ನೇ ಕಟ್ಟಲಾಗದು. ‘ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಇಟ್ಟಿದ್ದಾರೆ’ ಎಂದು ನೀವೇ ಒಂದು ಮಾತು ಸೇರಿಸಿದರೆ ಸಾಕು.

ಹಳೆಯ ಮಾದರಿಯ ಫೋನ್ ಮಾರ್ಗ ಸುಮಾರು 300ರಿಂದ 3,400 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ)‌ವರೆಗಿನ ಸದ್ದನ್ನಷ್ಟೇ ದಾಟಿಸುತ್ತದೆ. ‘ಸ’, ‘ಫ’ಗಳನ್ನು ಬೇರೆಬೇರೆಯಾಗಿ ಗುರುತಿಸಲು ನೆರವಾಗುವ ಸದ್ದು ಬಹುಪಾಲು ಅದಕ್ಕಿಂತ ಮೇಲಿದೆ. ತುಟಿ ಕಂಡರೆ ಆ ಕೊರತೆ ಒಂದಷ್ಟು ತುಂಬುತ್ತದೆ. ಇಲ್ಲಿ ಅದೂ ಇಲ್ಲ. ಅದಕ್ಕೇ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳಿ. ಔಷಧದ ಪ್ರಮಾಣ, ತಾರೀಖು, ಹಣದ ಮೊತ್ತವನ್ನು ಅಂಕಿ ಬಿಡಿಸಿ ಹೇಳಿ: 15 ಆದರೆ ‘ಒಂದು, ಐದು’. ದುಭಾಷಿ ಅದನ್ನು ತಿರುಗಿ ಓದಿ ಹೇಳುತ್ತಾರೆ, ದಯವಿಟ್ಟು ಅವಸರ ಮಾಡಬೇಡಿ.

ಇಬ್ಬರೂ ಒಟ್ಟಿಗೆ ಮಾತಾಡಿದರೆ ಅನೇಕ ಸ್ಪೀಕರ್‌ಫೋನ್‌ಗಳು ಒಂದು ಕಡೆಯ ದನಿಯನ್ನು ತುಂಡರಿಸುತ್ತವೆ. ಸಾಧ್ಯವಿದ್ದರೆ ಇಬ್ಬರಿಗೂ ಒಂದೊಂದು ರಿಸೀವರ್ ಅಥವಾ ಹೆಡ್‌ಸೆಟ್ ಕೊಡಿ. ಸ್ಪೀಕರ್ ಅನಿವಾರ್ಯವಾದರೆ ಮೆಲುದನಿಯವರ ಹತ್ತಿರ ಇಡಿ, ಫ್ಯಾನ್ ಕೆಳಗೆ ಬೇಡ. ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ. ಕೈಯೆತ್ತಿ ತಡೆಯಲು ದಾರಿಯಿಲ್ಲದ ಕಾರಣ ದುಭಾಷಿ ನಡುವೆ ಬಾಯಿ ಹಾಕಬೇಕಾಗುತ್ತದೆ. ಆಗ ‘ದುಭಾಷಿ ಕೇಳುತ್ತಿದ್ದಾರೆ’ ಎಂದೇ ಶುರುಮಾಡುತ್ತಾರೆ; ಉಳಿದಂತೆ ಅವರು ಹೇಳುವ ‘ನಾನು’ ಎಂದರೆ ಮೂಲದಲ್ಲಿ ಮಾತಾಡಿದವರೇ, ದುಭಾಷಿಯಲ್ಲ.

ಕೆಲವು ಕೆಲಸಗಳನ್ನು ಇನ್ನು ಫೋನಿನಲ್ಲಿ ಒಪ್ಪಿಕೊಳ್ಳುವುದಿಲ್ಲ: ಇನ್‌ಹೇಲರ್ ಬಳಕೆ ಅಥವಾ ವ್ಯಾಯಾಮ ಕಲಿಸುವುದು, ಸಹಿ ಹಾಕಬೇಕಾದ ಕಾಗದ ವಿವರಿಸುವುದು, ಗಂಭೀರ ಕಾಯಿಲೆಯ ಸುದ್ದಿ ತಿಳಿಸುವುದು, ಮೂವರಿಗಿಂತ ಹೆಚ್ಚು ಜನ ಮಾತಾಡುವ ಸಭೆ. ಇವಕ್ಕೆ ವಿಡಿಯೊ ಅಥವಾ ಖುದ್ದು ಭೇಟಿಯನ್ನೇ ಕಾಯ್ದಿರಿಸಿ. ತುರ್ತು ಇದ್ದಾಗ ಮಾತ್ರ ಈ ನಿಯಮ ಸಡಿಲ. ಕಿವಿಯೊಂದನ್ನೇ ನಂಬಿ ಕೆಲಸ ಮಾಡುವಾಗ ದಣಿವು ಬೇಗ ಬರುತ್ತದೆ, ದಣಿದವರು ಅಂಕಿಗಳಲ್ಲಿ ತಪ್ಪಬಹುದು. ಆದ್ದರಿಂದ 30 ನಿಮಿಷ ದಾಟುವ ಕರೆ ಎಂದು ಮೊದಲೇ ಗೊತ್ತಿದ್ದರೆ ತಿಳಿಸಿ, ಇಬ್ಬರು ದುಭಾಷಿಗಳನ್ನು ನೇಮಿಸುತ್ತೇವೆ.

ಇಂತಿ,
ದುಭಾಷಿಗಳ ಸಹಕಾರ ಸಂಘದ ಪರವಾಗಿ