ಅಲರ್ಜಿಗೆ ಬೇಕಿರುವುದು ‘ಶಕ್ತಿ’ಯಲ್ಲ

ಮಾನ್ಯ ಸಂಪಾದಕರೇ,

ಹಾಸನದ ರಸ್ತೆಬದಿಗಳಲ್ಲಿ ಪಾರ್ಥೇನಿಯಂ ಹೂಬಿಟ್ಟರೆ ಕುತ್ತಿಗೆ, ಮೊಣಕೈ ಕೆರೆದುಕೊಳ್ಳುವವರು ಹೆಚ್ಚುತ್ತಾರೆ. ‘ರೋಗನಿರೋಧಕ ಶಕ್ತಿ ವರ್ಧಕ’ ಪುಡಿಗಳ ವ್ಯಾಪಾರವೂ ಕುದುರುತ್ತದೆ. ವಿಚಿತ್ರವೆಂದರೆ, ಅಲರ್ಜಿ ಎಂಬುದೇ ಆ ಶಕ್ತಿ ಹದ್ದು ಮೀರಿದ ಸ್ಥಿತಿ!

ಆ ಶಕ್ತಿಗೆ ಕಡಿವಾಣ ಹಾಕುವ ‘ನಿಯಂತ್ರಕ ಟಿ ಕೋಶ’ಗಳೆಂಬ ಬಿಳಿ ರಕ್ತಕಣಗಳನ್ನು ಜಪಾನಿನ ವಿಜ್ಞಾನಿ ಶಿಮೊನ್ ಸಕಾಗುಚಿ 1995ರಲ್ಲಿ ಗುರುತಿಸಿದರು. 2025ರ ವೈದ್ಯಕೀಯ ನೊಬೆಲ್ ಅವರಿಗೂ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಸಂದಿತು. ಫಾಕ್ಸ್‌ಪಿ3 ಜೀನ್ ಕೆಟ್ಟು ಈ ಕೋಶಗಳು ಕೆಲಸ ಮಾಡದ ಶಿಶುಗಳಿಗೆ ಮಧುಮೇಹ, ಅತಿಸಾರದ ಜೊತೆಗೆ ತೀವ್ರ ಎಸ್ಜಿಮಾ (ತುರಿಕೆಯ ಚರ್ಮರೋಗ) ಬರುತ್ತದೆ. ಸಾಮಾನ್ಯ ಎಸ್ಜಿಮಾದ ಕಥೆ ಇಷ್ಟು ಸರಳವಲ್ಲ: ಕೆಲವು ಅಧ್ಯಯನಗಳಲ್ಲಿ ರೋಗಿಗಳ ರಕ್ತದಲ್ಲಿ ಈ ಕೋಶಗಳ ಸಂಖ್ಯೆ ಹೆಚ್ಚೇ ಕಂಡಿದೆ.

ಪುಡಿ ಮಾರುವವರಿಗೆ ಇದೆಲ್ಲ ಬೇಕಿಲ್ಲ. ಆರೋಗ್ಯ ಇಲಾಖೆ ಇಂಥ ಜಾಹೀರಾತುಗಳನ್ನು ಪರಿಶೀಲಿಸಲಿ. ಪಾರ್ಥೇನಿಯಂ ಕಳೆ ಹೂಬಿಡುವ ಮೊದಲೇ ನಗರಾಡಳಿತ ಅದನ್ನು ಕೀಳಿಸಲಿ.

– ಒಬ್ಬ ಓದುಗ, ಹಾಸನ