ನಾಲ್ಕು ಗಿಡದ ರೈತನಿಗೆ

ಲೋ ಚಿಕ್ಕು,

ಕುಂಡದ ಗಿಡಕ್ಕೆ ಏನಾಗಿದೆ ನೋಡು ಅಂತ ನೀನು ಕಳಿಸಿದ ಹದಿನಾಲ್ಕು ಫೋಟೋ ಬಂದವು. ಹದಿನಾಲ್ಕರಲ್ಲೂ ಎಲೆ. ಒಂದರಲ್ಲಿ ಎಲೆಯ ಹಿಂದೆ ನಿನ್ನ ಹೊಟ್ಟೆ. ಬೇರಿನ ಫೋಟೋ ಮಾತ್ರ ಒಂದೂ ಇಲ್ಲ. ಹೊಟ್ಟೆನೋವು ಅಂತ ಡಾಕ್ಟರ ಹತ್ತಿರ ಹೋಗಿ ತಲೆಕೂದಲು ತೋರಿಸಿ ಬಂದ ಹಾಗಾಯಿತು.

ವಾಟ್ಸಾಪ್‌ನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಉದ್ದದ ಮೆಸೇಜಿಗೆ 'ಆಮೇಲೆ ಓದ್ತೀನಿ' ಅಂದವನು ನೀನು ಯಾವತ್ತು ಓದಿದ್ದೀಯ? ಇಲ್ಲಿ ಫೇಸ್‌ಬುಕ್ಕಿನಲ್ಲಿ ನಾಲ್ಕು ಜನರ ಮುಂದೆ ಹಾಕಿದರೆ ಓದಲೇಬೇಕು. ಅದೂ ಅಲ್ಲದೆ ನನ್ನ ಗೋಡೆಯ ಮೇಲೆ ಮೂರು ತಿಂಗಳಿಂದ ಮಂಜಿನ ಫೋಟೋ ಬಿಟ್ಟು ಬೇರೇನೂ ಇಲ್ಲ. ಜನ ಬೇಜಾರಾಗಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದುತ್ತಿರುವ ಪೊಲೀಸ್ ಬಂಧುಗಳೇ, ಈ ಗಾಂಜಾ ಗಿಡ ಇರುವುದು ಕೆನಡಾದಲ್ಲಿ. ಅಲ್ಲಿ 2018ರ ಅಕ್ಟೋಬರ್ 17ರಿಂದ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಇವನಿರುವ ಒಂಟಾರಿಯೊದಲ್ಲಿ ಮನೆಗೆ 4 ಗಿಡ ಬೆಳೆಸಬಹುದು. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಇದೆ ಅಂತ ನನಗೆ ಗೊತ್ತು. ನನ್ನ ತೋಟದಲ್ಲಿ ಬೆಳೆಯುವುದು ಕಾಫಿ, ಮೆಣಸು ಮತ್ತು ಸಾಲ, ಇಷ್ಟೇ. ಅಲ್ಲ ಚಿಕ್ಕು, ನಿಮ್ಮಜ್ಜ ಭಂಗಿ ಸೊಪ್ಪು ಅಂತ ಪಿಸುಗುಟ್ಟುತ್ತಿದ್ದರಲ್ಲ, ಅದರ ಪಕ್ಕ ನಿಂತು ನೀನು ಭಂಗಿ ಕೊಡುವ ಕಾಲ ಬಂತಲ್ಲೋ. ಬೂದುಗುಂಬಳದ ಪ್ರಕರಣ ಆದಮೇಲೆ ನಿನ್ನಿಂದ ನನಗೆ ಯಾವುದೂ ಆಶ್ಚರ್ಯ ಅಲ್ಲ, ಬಿಡು.

ವಿಷಯಕ್ಕೆ ಬರುತ್ತೇನೆ. 'ಕುಂಡದ ಮಣ್ಣಿನಲ್ಲಿ ಬಿಳಿ ಹುಳು ಓಡಾಡುತ್ತಿವೆ, ಇದೇ ನೆಮಟೋಡಾ?' ಅಂತ ಕೇಳಿದ್ದೀಯ. ಕಣ್ಣಿಗೆ ಕಂಡಿತು ಅಂದರೆ ಅದಲ್ಲ. ನೆಮಟೋಡ್ ಅಂದರೆ ಮಣ್ಣಿನ ಜಂತುಹುಳು, ಬೇರಿಗೆ ನುಗ್ಗುವ ಜಾತಿಯ ಮರಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಮೇಲಾಗಿ ಗಾಜಿನ ಹಾಗೆ ತಿಳಿ. ನೀನು ನೋಡಿದ ಹುಳುವಿನ ತಲೆ ಕಪ್ಪಗಿದ್ದರೆ ಅದು ಕುಂಡದ ಮೇಲೆ ಹಾರುವ ಪುಟ್ಟ ಕರಿ ನೊಣದ ಮರಿ. ನೀರು ಜಾಸ್ತಿ ಸುರಿಯುವವರ ಮನೆಗೆ ಬರುವ ನೆಂಟ. ಮೇಲ್ಮಣ್ಣು ಒಣಗಲು ಬಿಟ್ಟರೆ ಸುಮಾರು ಕಡಿಮೆಯಾಗುತ್ತದೆ. ಅಂಗಡಿಯವನು ಅದಕ್ಕೆ ಸ್ಟೈನರ್ನೀಮಾ ಅಂತ ಒಂದು ಪ್ಯಾಕೆಟ್ ಕೊಟ್ಟ ಅಂದೆಯಲ್ಲ, ಅದರೊಳಗೆ ಇರುವುದೇ ನೆಮಟೋಡ್ ಮಾರಾಯ! ಹೆದರಬೇಡ. ಆ ಜಾತಿ ಬೇರಿನ ತಂಟೆಗೆ ಬರುವುದಿಲ್ಲ, ನೊಣದ ಮರಿಯೊಳಗೆ ಹೊಕ್ಕು ಕೊಲ್ಲುತ್ತದೆ. ನೀನು ದುಡ್ಡು ಕೊಟ್ಟು ಜಂತು ತರುತ್ತೀಯ, ನಾನು ದುಡ್ಡು ಕೊಟ್ಟು ಜಂತು ಓಡಿಸುತ್ತಿದ್ದೇನೆ. ಇಬ್ಬರ ದುಡ್ಡೂ ಮಣ್ಣಿಗೇ.

ಆದರೆ ನೀನು ಕೊನೆಯಲ್ಲಿ ಬರೆದದ್ದು ನನಗೆ ಸರಿ ಕಾಣಲಿಲ್ಲ. ಮಣ್ಣು ಒದ್ದೆ ಇದ್ದರೂ ಮಧ್ಯಾಹ್ನ ಗಿಡ ಜೋತು ಬೀಳುತ್ತದೆ, ಸಂಜೆ ಏಳುತ್ತದೆ. ಗೊಬ್ಬರ ಕೊಟ್ಟರೂ ಹಳದಿ ಹೋಗುವುದಿಲ್ಲ. ಕುಂಡಕ್ಕೆ ತುಂಬಿದ್ದು ಹಿತ್ತಿಲಿನ ಟೊಮೆಟೊ ಪಾತಿಯ ಮಣ್ಣು. ಇಷ್ಟು ಸಾಕು ಅನುಮಾನಕ್ಕೆ. ಹಿಮ ಬಿದ್ದು ಎಲ್ಲ ಸತ್ತಿರುತ್ತವೆ ಅಂತ ತಿಳಿಯಬೇಡ. ಚಳಿ ದೇಶಕ್ಕೆ ಒಗ್ಗಿದ ಜಾತಿಯೇ ಒಂದಿದೆ, ಮೆಲಾಯ್ಡೊಗೈನ್ ಹಾಪ್ಲಾ ಅಂತ. ಟೊಮೆಟೊ, ಕ್ಯಾರೆಟ್, ನಿನ್ನ ಭಂಗಿ ಎಲ್ಲ ಅದಕ್ಕೆ ಊಟವೇ. ನಮ್ಮ ಕಡೆಯದು ಅದರ ದಾಯಾದಿ, ಇನ್‌ಕಾಗ್ನಿಟಾ. ಹೆಸರಿನ ಅರ್ಥವೇ 'ಗೊತ್ತಾಗದ್ದು'. ಯಾರು ಇಟ್ಟರೋ, ಸರಿಯಾಗಿ ಇಟ್ಟಿದ್ದಾರೆ.

ಒಂದು ಗಿಡ ಬಲಿ ಕೊಡು. ಕಿತ್ತು ಎಳೆಯಬೇಡ, ಸಣ್ಣ ಬೇರೆಲ್ಲ ಮಣ್ಣಿನಲ್ಲೇ ಉಳಿಯುತ್ತದೆ. ಕುಂಡ ಮಗುಚಿ, ಬಕೆಟ್ ನೀರಿನಲ್ಲಿ ಮೆತ್ತಗೆ ಅಲ್ಲಾಡಿಸು. ಬೇರಿನ ಮೇಲೆ ರಾಗಿ ಕಾಳಿನಷ್ಟು, ಸಾಸಿವೆಯಷ್ಟು ಗಂಟು ಇದೆಯಾ ನೋಡು. ಇದ್ದರೆ ಉಗುರಿನಿಂದ ಉಜ್ಜು. ಅಲಸಂದೆ ಬೇರಿನ ಗಂಟು ಉಜ್ಜಿದರೆ ಕಳಚಿ ಬರುತ್ತದೆ, ಅದು ಒಳ್ಳೆಯ ಗಂಟು. ಇದು ಬರುವುದಿಲ್ಲ, ಬೇರೇ ಊದಿಕೊಂಡಿರುತ್ತದೆ. ಬ್ಲೇಡಿನಲ್ಲಿ ಸೀಳಿ ಭೂತಗನ್ನಡಿ ಹಿಡಿದರೆ ಒಳಗೆ ಮುತ್ತಿನ ಬಣ್ಣದ ಒಂದು ಚುಕ್ಕಿ. ಅದೇ ಹೆಣ್ಣು. ಒಂದು ಸಲ ಅಲ್ಲಿ ಕೂತರೆ ಮತ್ತೆ ಏಳುವುದಿಲ್ಲ. ಕೂತಲ್ಲೇ ನೂರಾರು ಮೊಟ್ಟೆ. ಮಣ್ಣು ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಲ್ಲಿ ಮುಂದಿನ ತಲೆಮಾರು ತಯಾರು.

ನಾನು ಇಷ್ಟಕ್ಕೇ ಬಿಡಲಿಲ್ಲ. ಅಡುಗೆಮನೆಯಲ್ಲೇ ಪ್ರಯೋಗಾಲಯ ತೆರೆದೆ. ಟೀ ಸೋಸುವ ಜಾಲರಿಗೆ ಟಿಶ್ಯೂ ಪೇಪರ್ ಹಾಸಿ, ಮೇಲೆ ನಮ್ಮ ತೋಟದ ಎರಡು ಚಮಚ ಮಣ್ಣು ಹರಡಿ, ಪೇಪರ್ ತೇವ ಆಗುವಷ್ಟೇ ನೀರಿದ್ದ ತಟ್ಟೆಯಲ್ಲಿ ರಾತ್ರಿಯಿಡೀ ಇಟ್ಟೆ. ಮಣ್ಣು ಮೇಲೆ ಉಳಿಯುತ್ತದೆ, ಜೀವ ಇರುವುದು ಪೇಪರ್ ದಾಟಿ ನೀರಿಗೆ ಇಳಿಯುತ್ತದೆ. ಬೆಳಿಗ್ಗೆ ಆ ನೀರಿನ ಒಂದು ಹನಿಯನ್ನು ಮಗಳ ಆಟದ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದೆ. ಒಂದು ಗೆರೆ ಕಂಡಿತು. ಕೂದಲು ಬಿದ್ದಿದೆ ಅಂದುಕೊಂಡೆ. ಕೂದಲು ಮೆಲ್ಲಗೆ ಬಳುಕಿತು. ಆಮೇಲೆ ಪಕ್ಕದಲ್ಲಿ ಇನ್ನೊಂದು. 'ಆ ಜಾಲರಿಯಲ್ಲಿ ಮತ್ತೆ ಟೀ ಸೋಸಿದರೆ ನಾನು ತವರಿಗೆ' ಅಂದಳು ಮನೆಯವಳು. ನಮ್ಮಮ್ಮ ಮಾತ್ರ ಹತ್ತಿರ ಬಂದು ನೋಡಿ, 'ಶಾಲೆಯಲ್ಲಿ ಮಕ್ಕಳಿಗೆ ಜಂತಿನ ಮಾತ್ರೆ ಕೊಡ್ತಾರಲ್ಲ, ಅದನ್ನೇ ಅರೆದು ಮೆಣಸಿನ ಬಳ್ಳಿ ಬುಡಕ್ಕೆ ಹಾಕಿದ್ರೆ ಆಗಲ್ವೇನೋ?' ಅಂದರು. ತಜ್ಞರ ಉತ್ತರಕ್ಕೆ ಕಾಯುತ್ತಿದ್ದೇನೆ.

ನಿನ್ನ ಗಿಡಕ್ಕೆ ಮದ್ದು ಹುಡುಕಬೇಡ. ಬೇರಿನೊಳಗೆ ಸೇರಿದ್ದನ್ನು ಮನೆಯಲ್ಲಿ ತೆಗೆಯುವ ಸುಲಭದ ಮದ್ದು ಇಲ್ಲ. ಚಿಗುರಿನ ತುದಿ ಕತ್ತರಿಸಿ ಹೊಸ ಮಣ್ಣಿನಲ್ಲಿ ಬೇರು ಬರಿಸು. ಈ ಹುಳು ಬೇರಿನಲ್ಲಿರುತ್ತದೆ, ಚಿಗುರಿಗೆ ಹತ್ತುವುದಿಲ್ಲ. ಹಳೇ ಮಣ್ಣು ಕಟ್ಟಿ ಕಸಕ್ಕೆ ಹಾಕು, ಕುಂಡ ಬಿಸಿನೀರಿನಲ್ಲಿ ತೊಳೆ. ಯಾವುದೋ ಹರಳು ವಿಷ ಸುರಿಯಲು ಹೋಗಬೇಡ, ಅದು ಮೈಯೊಳಗೆ ಹೋಗುವ ಬೆಳೆ. ನಮ್ಮಪ್ಪನ ಕಾಲದಲ್ಲಿ ಎಲ್ಲದಕ್ಕೂ ಫೋರೇಟ್ ಅನ್ನುವ ಹರಳು ವಿಷ ಇತ್ತು. ಬರಿಗೈಯಲ್ಲಿ ಎರಚಿ, ಅದೇ ಕೈಯಲ್ಲಿ ಬೀಡಿ ಹಚ್ಚುತ್ತಿದ್ದರು. 2020ರ ಕೊನೆಗೆ ಅದು ನಿಷೇಧ ಆಯಿತು.

ಇನ್ನೊಂದು ಮುಖ್ಯ. ಆ ಮಣ್ಣನ್ನಾಗಲಿ, ಆ ಮಣ್ಣಿನಲ್ಲಿ ಬೇರು ಬಿಟ್ಟ ಸಸಿಯನ್ನಾಗಲಿ ಯಾರಿಗೂ ಕೊಡಬೇಡ. ಎಷ್ಟೇ ಬೇಕಾದವರು ಕೇಳಿದರೂ ಕೊಡಬೇಡ.

ಈ ಸಾಲು ಬರೆದು ಎದ್ದು ಹೋಗಿ ಒಂದು ಲೋಟ ಕಾಫಿ ಕುಡಿದು ಬಂದೆ.

ಎರಡು ವರ್ಷದ ಹಿಂದೆ ಜೂನ್‌ನಲ್ಲಿ ನಿಮ್ಮಮ್ಮನಿಗೆ ಅರವತ್ತು ಬ್ಯಾಗ್ ಮೆಣಸಿನ ಬಳ್ಳಿ ಕೊಟ್ಟೆನಲ್ಲ. ಪನ್ನಿಯೂರು-1 ತಳಿ. ದುಡ್ಡು ಬೇಡವೇ ಬೇಡ ಅಂತ ಕೈ ತಳ್ಳಿದ್ದೆ. ಜೀಪಿನ ಹಿಂದೆ ಬ್ಯಾಗ್ ಜೋಡಿಸಿದ ಫೋಟೋ ಇಲ್ಲೇ ಹಾಕಿದ್ದೆ. ಇನ್ನೂರ ಹನ್ನೆರಡು ಲೈಕ್ ಬಂದಿತ್ತು, ನೀನೂ ಒಂದು ಹೃದಯ ಒತ್ತಿದ್ದೆ. ಸಸಿಗೆ ಕತ್ತರಿಸುವುದು ಬುಡದಿಂದ ನೆಲದ ಮೇಲೆ ಹರಿಯುವ ಹಂಬನ್ನು. ಅದನ್ನು ಗೂಟಕ್ಕೆ ಸುತ್ತಿಡಬೇಕು, ಮಣ್ಣಿಗೆ ತಾಗಬಾರದು. ನಾನು ನೆಲದಲ್ಲೇ ಬಿಟ್ಟಿದ್ದೆ. ಬ್ಯಾಗಿಗೆ ತುಂಬುವ ಮಣ್ಣನ್ನು ಬೇಸಿಗೆಯಲ್ಲಿ ಒದ್ದೆ ಮಾಡಿ, ತಿಳಿ ಪ್ಲಾಸ್ಟಿಕ್ ಹೊದಿಸಿ, ತಿಂಗಳು ಒಂದೂವರೆ ತಿಂಗಳು ಬಿಸಿಲಿಗೆ ಕಾಯಿಸಬೇಕು. ತರಬೇತಿಯಲ್ಲಿ ಹೇಳಿದ್ದರು. ಆ ದಿನದ ಊಟ ಚೆನ್ನಾಗಿತ್ತು, ಅದು ನೆನಪಿದೆ. ನಾನು ತುಂಬಿದ್ದು ಹಳೇ ಬಳ್ಳಿಗಳ ಬುಡದ ಕರಿ ಮಣ್ಣು. ನೋಡಿದರೆ ತಿನ್ನಬೇಕು ಅನ್ನಿಸುವ ಮಣ್ಣು.

ಈ ಫೆಬ್ರವರಿಯಲ್ಲಿ ನನ್ನಲ್ಲೇ ಉಳಿದಿದ್ದ ಒಂದು ಬ್ಯಾಗ್ ಹರಿದು ಬಿತ್ತು. ಬೇರು ತುಂಬ ಗಂಟು. ಟೀ ಜಾಲರಿ ಕೆಟ್ಟಿದ್ದು ಆವಾಗಲೇ.

ಏಪ್ರಿಲ್‌ನಲ್ಲಿ ನಿಮ್ಮಮ್ಮ ಫೋನ್ ಮಾಡಿದರು. 'ಬಳ್ಳಿ ಯಾಕೋ ಹಳದಿ ತಿರುಗ್ತಿದೆ ಕಣಪ್ಪ. ಮಳೆ ಬಂದ್ರೆ ಸರಿ ಹೋಗುತ್ತೆ ಅಲ್ವಾ?' ನಾನು 'ಹ್ಞೂಂ ಅಮ್ಮ, ಮಳೆ ಬರ್ಲಿ' ಅಂದೆ.

ಅದು ಸುಳ್ಳೂ ಅಲ್ಲ ನೋಡು, ಅದೇ ಕಷ್ಟ. ಶೀಘ್ರ ಸೊರಗು ರೋಗ ಆದರೆ ಮಳೆಗಾಲದಲ್ಲಿ ಬಂದು ನೋಡನೋಡುತ್ತ ಬಳ್ಳಿ ಕೆಡವುತ್ತದೆ. ಇದು ನಿಧಾನದ್ದು. ಮಳೆ ಬಿದ್ದರೆ ಬಳ್ಳಿ ಚಿಗುರುತ್ತದೆ, ಹಸಿರಾಗುತ್ತದೆ. ಅಕ್ಟೋಬರ್ ನವೆಂಬರ್ ಹೊತ್ತಿಗೆ ಮಣ್ಣು ಆರುತ್ತಿದ್ದಂತೆ ಮತ್ತೆ ಹಳದಿ. ವರ್ಷ ವರ್ಷ ಇಷ್ಟಿಷ್ಟೇ ಇಳಿಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತು. 'ನೀನು ಹೇಳಿದ ಹಾಗೇ ಆಯ್ತು' ಅಂತ ಅಮ್ಮ ಬಸ್ಸಿನಲ್ಲಿ ಒಂದು ಬಾಟಲಿ ಹೇರಳೆಕಾಯಿ ಉಪ್ಪಿನಕಾಯಿ ಕಳಿಸಿದರು. ಅರ್ಧ ಖಾಲಿಯಾಗಿದೆ.

ಆಗಸ್ಟ್‌ನಲ್ಲಿ ಒಂದು ದಿನ ನಿಮ್ಮೂರು ಹಾನಬಾಳಿಗೆ ಹೋಗಿದ್ದೆ. ಬಾಳೆಯ ಬೇರು ಕೊರೆಯುವ ಇನ್ನೊಂದು ಜಂತು ಇದೆ. ಅದು ಮೆಣಸಿಗೂ ಬರುತ್ತದೆ. ಗಂಟು ಕಟ್ಟುವುದಿಲ್ಲ, ಬೇರು ಕಂದಾಗಿ ಕೊಳೆಯುತ್ತದೆ. ನಿಮ್ಮ ಹಿತ್ತಿಲಲ್ಲಿ ಬಾಳೆ ಇದೆಯಲ್ಲ, ದೇವರೇ ತಪ್ಪು ಬಾಳೆಯದ್ದಾಗಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ. ಅಮ್ಮ ಒಳಗೆ ಕಡುಬು ಬೇಯಿಸುತ್ತಿದ್ದರು. ನಾನು ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಉಗುರಿನಿಂದ ಮಣ್ಣು ಕೆದಕಿದೆ. ಗಂಟು. ಮುಚ್ಚಿದೆ. ಕೈ ತೊಳೆದೆ. ಏಳು ಕಡುಬು ತಿಂದೆ.

ಇನ್ನೊಂದು ಹೇಳಲಾ? ಏಪ್ರಿಲ್‌ನಲ್ಲಿ ಆ ಫೋನ್ ಬಂದಾಗ ನನಗೆ ಮೊದಲು ಆಗಿದ್ದು ಭಯ ಅಲ್ಲ, ಸಮಾಧಾನ. ಸದ್ಯ, ನನ್ನ ತೋಟ ಒಂದೇ ಅಲ್ಲವಲ್ಲ ಅಂತ. ಒಂದು ಕ್ಷಣ ಅಷ್ಟೇ, ಆದರೆ ಆಗಿದ್ದು ಹೌದು. ಆಮೇಲೂ ಯಾಕೆ ಹೇಳಲಿಲ್ಲ ಅಂದರೆ, ನೀನು ಹೋದೆ, ನಾನು ಇಲ್ಲೇ ಉಳಿದೆ. ತೋಟದ ಕೆಲಸ ಗೊತ್ತಿರುವವನು ಅನ್ನುವ ಒಂದು ಹೆಸರು ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ? ಮೋಟಾರು ಕೆಟ್ಟರೂ, ಮಂಡಿ ನೋವು ಬಂದರೂ ನಿಮ್ಮಮ್ಮ ಮೊದಲು ಫೋನ್ ಮಾಡುವುದು ನನಗೆ, ಆಮೇಲೆ ನಿನಗೆ. ಅದು ನನಗೆ ಇಷ್ಟ. ನಿನಗಿಂತ ಒಂದು ಕೈ ಮೇಲೆ ಅನ್ನಿಸುತ್ತದೆ. ಬಳ್ಳಿಯ ವಿಷಯ ಹೇಳಿದರೆ ಆ ಫೋನ್ ನಿಂತುಹೋದರೆ?

ಅಯ್ಯೋ, ಕುಂಡದ ವಿಷಯ ಬರೆಯಲು ಕೂತವನು ಎಲ್ಲಿಗೋ ಹೋದೆ. ನಿನ್ನ ಗಿಡದ ಫೋಟೋ ನೋಡಿದ್ದಕ್ಕೇ ಇಷ್ಟು ಬಾಯಿ ಬಿಟ್ಟಿದ್ದೇನೆ. ವಾಸನೆ ಬಂದಿದ್ದರೆ ಜೀಪಿನ ವಿಷಯವನ್ನೂ ಹೇಳಿಬಿಡುತ್ತಿದ್ದೆ. ಅದು ನಮ್ಮಿಬ್ಬರ ಜೊತೆಯೇ ಹೋಗಬೇಕು, ನೆನಪಿರಲಿ.

ಭಾನುವಾರ ಹಾನಬಾಳಿಗೆ ಹೋಗುತ್ತೇನೆ. ತೀರಾ ಸೊರಗಿದ ಬಳ್ಳಿ ಬೇರು ಸಮೇತ ತೆಗೆದು ಸುಡಬೇಕು. ಉಳಿದವಕ್ಕೆ ಬುಡ ಅಗೆಯದೆ ತಲಾ 1 ಕೆಜಿ ಬೇವಿನ ಹಿಂಡಿ, ಜೊತೆಗೆ ಪೊಚೋನಿಯಾ. ಅದೊಂದು ಶಿಲೀಂಧ್ರ, ಜಂತಿನ ಮೊಟ್ಟೆಯನ್ನೇ ತಿನ್ನುತ್ತದೆ. ಸೆಪ್ಟೆಂಬರ್‌ನಲ್ಲೇ ಹಾಕಬೇಕಿತ್ತು, ಆವಾಗ ನಾನು ಉಪ್ಪಿನಕಾಯಿ ತಿನ್ನುತ್ತಿದ್ದೆ. ಖಾಲಿಯಾದ ಜಾಗಕ್ಕೆ ಮುಂದಿನ ವರ್ಷ ಪೌರ್ಣಮಿ ತಳಿ. ಕೋಯಿಕ್ಕೋಡಿನ ಸಂಬಾರ ಬೆಳೆ ಸಂಶೋಧನಾ ಸಂಸ್ಥೆಯದು, ಬೇರುಗಂಟನ್ನು ತಡೆದುಕೊಳ್ಳುತ್ತದೆ. ಈ ಸಲ ಬ್ಯಾಗ್ ನನ್ನದಲ್ಲ, ದುಡ್ಡು ಮಾತ್ರ ನನ್ನದು. ಫೋಟೋ ಹಾಕುವುದಿಲ್ಲ.

ನಿಮ್ಮಮ್ಮ ಫೇಸ್‌ಬುಕ್ಕಿನಲ್ಲಿ ಇಲ್ಲ ಅನ್ನುವ ಧೈರ್ಯದಲ್ಲಿ ಇಷ್ಟೆಲ್ಲ ಬರೆದೆ. ಈಗ ನೋಡಿದರೆ ನಿಮ್ಮೂರಿನ ಅರ್ಧ ಜನ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ. ನಿಮ್ಮ ಪಕ್ಕದ ಮನೆಯ ಅಕ್ಕ ನನ್ನ ಮಂಜಿನ ಫೋಟೋಗಳಿಗೂ ಮೊದಲ ಲೈಕ್ ಒತ್ತುವವರು.

ಹಾಗಾಗಿ ಭಾನುವಾರ ಅಂದಿದ್ದನ್ನು ನಾಳೆ ಅಂತ ಓದಿಕೊಳ್ಳಬೇಕು. ಅಕ್ಕ, ಕೈ ಮುಗಿಯುತ್ತೇನೆ, ಬೆಳಿಗ್ಗೆ ಹತ್ತು ಗಂಟೆಯವರೆಗೆ ಬೇಲಿ ಹತ್ತಿರ ಹೋಗಬೇಡಿ.

ಚಿಕ್ಕು, ಬೇರಿನ ಫೋಟೋ ಕಳಿಸು. ಹೊಟ್ಟೆ ಬೇಡ.

ನಿನ್ನ,
ಬೂದುಗುಂಬಳ