ಹೆಳವರ ಪುಸ್ತಕಗಳನ್ನು ಉಳಿಸಿ

ಮಾನ್ಯ ಸಂಪಾದಕರೇ,

ನಮ್ಮದು ಕುರಿ ಸಾಕುತ್ತಿದ್ದ ಮನೆತನ. ಈಗ ಮನೆಯಲ್ಲಿ ಉಳಿದಿರುವುದು ಒಂದು ಕರಿ ಕಂಬಳಿ ಮಾತ್ರ. ಮೂಲ ಊರು ಯಾವುದು ಅಂತ ಅಪ್ಪನಿಗೂ ಗೊತ್ತಿರಲಿಲ್ಲ. ಅದನ್ನು ಹೇಳಿದವರು ಹೆಳವರು, ಊರೂರು ಅಲೆದು ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವವರು.

ಕಳೆದ ಸುಗ್ಗಿಯಲ್ಲಿ ಅವರು ಚಿಕ್ಕಪ್ಪನ ಊರಿಗೆ ಬಂದಿದ್ದರು. ಮೊದಲೆಲ್ಲ ಎತ್ತಿನ ಮೇಲೆ ಕೂತು ಬರುತ್ತಿದ್ದರು, ಈಗ ಬೈಕು. ಬಟ್ಟೆ ಗಂಟು ಬಿಚ್ಚಿ ಹಳೇ ಪುಸ್ತಕ ತೆಗೆದರು. ಅಂಚನ್ನೆಲ್ಲ ಗೆದ್ದಲು ತಿಂದಿತ್ತು. ನಮ್ಮ ಬೆಡಗು, ಅಂದರೆ ವಂಶದ ಹೆಸರು ಕೇಳಿ, ಏಳು ತಲೆಮಾರನ್ನು ಒಂದೇ ಉಸಿರಿಗೆ ಓದಿದರು. ಮುತ್ತಜ್ಜನ ಅಪ್ಪ ಚಳ್ಳಕೆರೆ ಸೀಮೆಯ ಗುಡ್ಡದ ಹಟ್ಟಿಯೊಂದರಲ್ಲಿ ಕುರಿ ಕಾಯುತ್ತಿದ್ದನಂತೆ. ಬರ ಬಿದ್ದಾಗ ಮಂದೆ ಹೊಡೆದುಕೊಂಡು ಕೆಳಗಿಳಿದನಂತೆ.

ಹೋಗಿ ನೋಡಿ ಬಂದೆ. ರಸ್ತೆಯಿಲ್ಲ, ಎರಡು ಗಂಟೆ ನಡಿಗೆ. ಮೇಲೆ ಒಂಟಿ ಹೊಲ, ಪಕ್ಕದಲ್ಲೇ ಕಲ್ಲಿನ ದೊಡ್ಡಿ. ಬಾಗಿಲು ಒಂದು ಕುರಿ ನುಗ್ಗುವಷ್ಟೇ ಅಗಲ. ಎಣಿಸೋಕೆ ಸಲೀಸಾಗಲಿ ಅಂತ ಹಾಗೆ ಕಟ್ಟಿದ್ದು ಎಂದರು ಹೊಲದ ಅಜ್ಜ. ಕುರಿಗಳ ಮೈ ಉಜ್ಜಿ ಉಜ್ಜಿ ಆ ಬಾಗಿಲ ಕಲ್ಲು ನುಣುಪಾಗಿತ್ತು. ಕೈ ಇಟ್ಟೆ, ಕಣ್ಣು ತುಂಬಿ ಬಂತು.

ಪಹಣಿಯಲ್ಲಿ ಇದೆಲ್ಲ ಸಿಗುವುದಿಲ್ಲ. ಜಮೀನಿಲ್ಲದೆ ಅಲೆಯುವ ಕುರಿಗಾಹಿಯ ಹೆಸರು ಪಹಣಿಗೆ ಹೇಗೆ ಬಂದೀತು, ಅಲ್ವಾ? ನಮ್ಮ ಊರಿಗೆ ಬರುವ ಹೆಳವರ ಮಕ್ಕಳು ಈ ಕೆಲಸ ಬಿಟ್ಟಿದ್ದಾರೆ. ಅವರದು ತಪ್ಪಲ್ಲ, ಕೊಡುವ ಕಾಳುಕಡಿಯಿಂದ ಸಂಸಾರ ನಡೆಯುವುದಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಕುರುಬರ ಪರಂಪರೆಯನ್ನು ಅಧ್ಯಯನ ಮಾಡುವ ಹಾಲುಮತ ಅಧ್ಯಯನ ಪೀಠವೇ ಇದೆ. ಹೆಳವರ ಒಪ್ಪಿಗೆ ಪಡೆದು, ಸರಿಯಾದ ಸಂಭಾವನೆ ಕೊಟ್ಟು, ಈ ಪುಸ್ತಕಗಳನ್ನು ಪುಟಪುಟವೂ ಸ್ಕ್ಯಾನ್ ಮಾಡಿಸಲಿ. ಮೂಲ ಪ್ರತಿ ಅವರ ಗಂಟಿನಲ್ಲೇ ಇರಲಿ.

– ಓದುಗ, ದಾವಣಗೆರೆ